ನಮ್ಮನೆ ಹೆಣ್ಮಕ್ಳು ಕುಣಿಯಲ್ಲ

ಹೋದ ತಿಂಗಳು ಹೊಳಲ್ಕೆರೇಲಿ ನಮ್ಮ ದೊಡ್ಡಮ್ಮನ ಮೊಮ್ಮಗಳ ಸೀಮಂತ ಆಯ್ತಲ್ಲ, ನಿಮ್ಮಲ್ಲಿ ಅರ್ಧ ಜನ ಅಲ್ಲೇ ಇದ್ರಿ. ಹೋಳಿಗೆ ಊಟ ಮುಗಿಸಿ, ಎಲೆ ಅಡಿಕೆ ತಟ್ಟೆ ಮುಂದಿಟ್ಕೊಂಡು ನಡುಮನೇಲಿ ಕೂತಿದ್ವಿ. ನಮ್ಮಣ್ಣನ ಮಗಳು ತಟ್ಟೆ ಹಿಡ್ಕೊಂಡು ಓಡಾಡ್ತಿದ್ಲು. ಯಾರೋ ಕೇಳಿದ್ರು, "ಪಿಯುಸಿ ಆಯ್ತಲ್ಲವ್ವ, ಮುಂದೇನು?" ಅಂತ. ಅವಳು ಸಲೀಸಾಗಿ, "ಭರತನಾಟ್ಯದಾಗೇ ಡಿಗ್ರಿ ಮಾಡ್ತೀನಿ ಅತ್ತೆ, ಮೈಸೂರಿಗೆ ಅರ್ಜಿ ಹಾಕ್ಬೇಕು" ಅಂದ್ಲು.

ಒಂದು ಗಳಿಗೆ ಯಾರೂ ಮಾತಾಡ್ಲಿಲ್ಲ. ಆಮೇಲೆ ದೊಡ್ಡೋರೊಬ್ರು, "ಕಲ್ತಿದ್ದು ಸಾಕು ಬಿಡವ್ವ. ಸ್ಕೂಲ್ ಡೇಗೆ ಕುಣಿಯಾದು ಬೇರೆ, ಅದನ್ನೇ ಕಸುಬು ಮಾಡ್ಕಳಾದು ಬೇರೆ. ನಮ್ಮನೆ ಹೆಣ್ಮಕ್ಳು ಕುಣಿಯಲ್ಲ" ಅಂದ್ರು. ಹುಡುಗಿ ತಟ್ಟೆ ಅಲ್ಲೇ ಇಟ್ಟು ಅಡಿಗೆಮನೆಗೆ ಹೋದ್ಲು. ನಾನೂ ಬಾಯಿ ಬಿಡ್ಲಿಲ್ಲ. ಎಲೆಗೆ ಸುಣ್ಣ ಹಚ್ತಾ ಕೂತೆ.

ಒಂಬತ್ತು ವರ್ಷ ಕಲ್ತಿದಾಳೆ ಆ ಹುಡುಗಿ. ಅವಳ ಡ್ಯಾನ್ಸ್ ವಿಡಿಯೋ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗೆಲ್ಲ ಹೂವು, ಚಪ್ಪಾಳೆ ಹಾಕಿದೋರು ನಾವೇ. ಕಲಿಯಾದು ತಪ್ಪಲ್ಲ, ಫೀಸು ಕಟ್ಟಾದೂ ತಪ್ಪಲ್ಲ, ಅದ್ರಿಂದ ಅನ್ನ ತಿನ್ನಾದು ಮಾತ್ರ ಯಾಕೆ ತಪ್ಪು? ಇದು ಮನಸ್ಸಿನಾಗೆ ಕೂತ್ಕಂಡ್ಬಿಡ್ತು. ಕುಣಿತಾನೇ ಕಸುಬು ಮಾಡ್ಕೊಂಡ ಹೆಂಗಸರು ಯಾರಿದ್ರು, ಹೆಂಗೆ ಬದುಕಿದ್ರು ಅಂತ ಹುಡುಕ್ಕೊಂಡು ಓದಿದೆ. ಅವತ್ತು ಆಡದೇ ಉಳಿದ ಮಾತನ್ನ ಇವತ್ತು ಬರೀತಿದೀನಿ.

ಮೊದ್ಲು ನಾವು ಕುಡಿಯೋ ನೀರಿಂದ ಶುರು ಮಾಡ್ತೀನಿ. ಚಿತ್ರದುರ್ಗಕ್ಕೆ ನೀರು ಬರಾದು ಎರಡು ಕಡೆಯಿಂದ. ಒಂದು ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ಇನ್ನೊಂದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ನಮ್ಮ ಬಾಯಲ್ಲಿ ಸೂಳೆಕೆರೆ. ಮೊದಲನೇದು ಮಹಾರಾಣಿ ಹೆಸರಲ್ಲೈತೆ. ಗಂಡ ತೀರಿಕೊಂಡ ಮೇಲೆ, ಮಗ ಇನ್ನೂ ಚಿಕ್ಕೋನು ಅಂತ 1895ರಿಂದ 1902ರವರೆಗೆ ಮೈಸೂರು ರಾಜ್ಯ ನಡೆಸಿದ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. ಎರಡನೇದರ ಕಥೆ ನಿಮಗೂ ಗೊತ್ತು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಾಕೆ ಹೊರಟ್ಲು, ಆ ಜಾಗ ಸೂಳೆಯರದ್ದಾಗಿತ್ತು, "ಕೆರೆಗೆ ನಮ್ಮ ಹೆಸರಿಡೋದಾದ್ರೆ ಜಾಗ ಬಿಡ್ತೀವಿ" ಅಂತ ಅವರು ಕರಾರು ಹಾಕಿದ್ರು ಅಂತ. ಐತಿಹ್ಯ ಅದು, ನಿಜ ಎಷ್ಟೋ. ಆದ್ರೆ ಹಿಂದಿನ ಜನರ ಮನಸ್ಸಿನಾಗೆ ಆ ಹೆಂಗಸರಿಗೆ ಸ್ವಂತ ಜಮೀನಿತ್ತು, ಕರಾರು ಹಾಕೋ ತಾಕತ್ತಿತ್ತು. ಬೋರ್ಡಿನ ಮೇಲೆ ಶಾಂತಿಸಾಗರ ಅಂತ ಬರೆದ್ರೂ ಬಾಯಿಂದ ಹಳೇ ಹೆಸರು ಹೋಗಿಲ್ಲ. ನಮ್ಮ ಒಂದೇ ಕೊಡದಾಗೆ ಮಹಾರಾಣಿನೂ ಇದಾಳೆ, ಅವಳೂ ಇದಾಳೆ.

ಹಿಂದಿನ ಕಾಲದಾಗೆ ಕುಣಿತ, ಹಾಡು ಕಲ್ತು ಅದ್ರಿಂದಲೇ ಬದುಕೋ ಹೆಂಗಸು ಅಂದ್ರೆ ಜನ ಆ ಒಂದೇ ಪದ ಬಳಸ್ತಿದ್ರು. ಅದೇ ಜನ ಬೇಲೂರಿಗೆ ಹೋದ್ರೆ ನಾಟ್ಯರಾಣಿ ಶಾಂತಲೆ ಅಂತ ಕೈ ಮುಗೀತಿದ್ರು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ ಸಂಗೀತ, ನಾಟ್ಯ ಬಲ್ಲೋಳು ಅಂತ ಶಾಸನಗಳೇ ಹೊಗಳ್ತಾವೆ. ನಾವೂ ಬೇಲೂರಿಗೆ ಹೋದಾಗ ಆ ಮದನಿಕೆಯರ ಕೆಳಗೆ ನಿಂತು ಫೋಟೋ ತೆಗೆಸ್ಕೊಂಡು ಬಂದು ಷೋಕೇಸಿನಾಗೆ ಇಟ್ಟಿದೀವಿ. ರಾಣಿ ಕುಣಿದ್ರೆ ಕಲೆ, ಹೊಟ್ಟೆಪಾಡಿಗೆ ಕುಣಿದ್ರೆ ಕುಲಗೇಡಿ. ತಕರಾರು ಕುಣಿತದ್ದಲ್ಲ ಕಣ್ರೇ, ಕೂಲಿದು.

ಹಂಗಂತ ಹಳೇದೆಲ್ಲ ಚೆಂದ ಇತ್ತು ಅಂತ ನಾನು ಹೇಳ್ತಿಲ್ಲ. ದೇವರ ಹೆಸರಲ್ಲಿ ಎಳೇ ಹುಡುಗೀರನ್ನ ಬಿಟ್ಟು, ಅವರ ಬದುಕು ಹಾಳು ಮಾಡಿದ್ದು ಸುಳ್ಳಲ್ಲ. ಮುತ್ತು ಕಟ್ಟೋ ಪದ್ಧತಿ ನಿಲ್ಲಿಸಾಕೆ 1982ರಲ್ಲೂ ನಮ್ಮ ರಾಜ್ಯ ಕಾಯ್ದೆ ತರಬೇಕಾಯ್ತು ಅಂದ್ರೆ ಅದೆಷ್ಟು ಬೇರು ಬಿಟ್ಟಿತ್ತು ನೋಡ್ರಿ. ಮೈಸೂರು ಸರ್ಕಾರ ಇದಕ್ಕೂ ಬಹಳ ಮುಂಚೆ, 1909ರಲ್ಲೇ, ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸ್ತು. ಆಗ ನಮ್ಮ ದುರ್ಗ ಸೀಮೆನೂ ಮೈಸೂರು ರಾಜ್ಯಕ್ಕೇ ಸೇರಿತ್ತು. ಒಳ್ಳೇದಕ್ಕೇ ಮಾಡಿದ್ದು. ಆದ್ರೆ ಗುಡಿಯಲ್ಲಿ ಹಾಡಿ ಕುಣಿದು ಬದುಕ್ತಿದ್ದ ಹೆಂಗಸು ಮಾರನೇ ದಿನದಿಂದ ಒಲೆ ಹೆಂಗೆ ಹಚ್ಚಬೇಕು? ಅದನ್ನ ಕೇಳಿದೋರು ಕಡಿಮೆ. ಕೆಟ್ಟ ಪದ್ಧತಿ ಜತೆಗೆ ಕೆಲಸನೂ ಹೋಯ್ತು, ಕೆಟ್ಟ ಹೆಸರು ಮಾತ್ರ ಉಳೀತು.

ಗುಡಿಯಾಗೆ ನಿಂತ್ರೂ ಅರಮನೆಯಾಗೆ ನಾಟ್ಯ ನಿಲ್ಲಲಿಲ್ಲ. ಅಲ್ಲಿ ಜಟ್ಟಿ ತಾಯಮ್ಮ ಅಂತ ಒಬ್ರಿದ್ರು. ಹುಟ್ಟಿದ್ದು 1857ರಲ್ಲಿ. ಜಟ್ಟಿ ಅಂದ್ರೆ ಕುಸ್ತಿಯೋರು, ಅವರಪ್ಪನೂ ಪೈಲ್ವಾನ್ರೇ. ಗರಡಿಮನೆ ಹುಡುಗಿ ನಾಟ್ಯ ಕಲ್ತು ಮೈಸೂರು ಅರಮನೆಯಲ್ಲಿ ಹೆಸರು ಮಾಡಿದ್ರು. ಮೈಸೂರಿನ ಕಡೆ ನಾಟ್ಯದಾಗೆ ಕಾಲಿಗಿಂತ ಮುಖದ ಕೆಲಸ ಜಾಸ್ತಿ, ಅದಕ್ಕೆ ಅಭಿನಯ ಅಂತಾರೆ. ಪದ, ಜಾವಳಿ, ಅಷ್ಟಪದಿಯ ಒಂದೇ ಸಾಲು ತಗೊಂಡು, ಅದನ್ನೇ ಮತ್ತೆ ಮತ್ತೆ ಹಾಡಿಕೊಳ್ತಾ, ಒಂದೊಂದು ಸಲಕ್ಕೂ ಬೇರೆ ಬೇರೆ ಭಾವ ತೋರಿಸ್ಬೇಕು. ಗಂಡ ತಡವಾಗಿ ಮನೆಗೆ ಬಂದ ಅಂತ ಇಟ್ಕಳ್ರಿ. "ಈಗ ಬಂದ್ರಾ" ಅನ್ನೋ ಒಂದೇ ಮಾತನ್ನ ನಾವು ಕೋಪಕ್ಕೊಂದು ತರ, ಚಿಂತೆಗೊಂದು ತರ, ಅತ್ತೆ ಎದುರಿಗಿದ್ರೆ ಇನ್ನೊಂದು ತರ ಅಂತೀವಲ್ಲ, ಹಂಗೆ. ಅದನ್ನೇ ತಾಳ ತಪ್ಪದಂಗೆ, ಹುಬ್ಬು, ಕಣ್ಣು, ಬೆರಳಲ್ಲಿ ಮಾಡ್ಬೇಕು. ಕೂತಲ್ಲೇ ಕೂತೂ ಮಾಡ್ಬಹುದು. ಹಂಗಾಗಿ ಮೈ ಬಳುಕೋ ವಯಸ್ಸು ದಾಟಿದ್ರೂ ವಿದ್ಯೆ ಕೈಬಿಡಲ್ಲ, ಇನ್ನೂ ಮಾಗುತ್ತೆ. ತಾಯಮ್ಮನೋರು 1947ರವರೆಗೆ, ತೊಂಬತ್ತು ವರ್ಷ ಬದುಕಿದ್ರು.

ಈಗ ನಾನು ಹೇಳಾಕೆ ಹೊರಟಿದ್ದ ಮುಖ್ಯ ಮಾತಿಗೆ ಬರ್ತೀನಿ. ಚಿಕ್ಕಜಾಜೂರಲ್ಲಿ ರೈಲು ಹತ್ತಿದ್ರೆ ರಾಮಗಿರಿ, ಹೊಸದುರ್ಗ ರೋಡ್, ಅಜ್ಜಂಪುರ, ಬೀರೂರು, ಆಮೇಲೆ ಕಡೂರು. ನಾವು ಬೆಂಗಳೂರಿಗೆ ಹೋಗೋವಾಗ ಕಿಟಕಿಯಾಗೆ ನೋಡ್ತಾ ಹೋಗೋ ಊರುಗಳು. ಆ ಕಡೂರಿನ ತಂಗಲಿ ತಾಂಡ್ಯದಲ್ಲಿ 1906ನೇ ಇಸವಿ ಮೇ 29ಕ್ಕೆ ಒಂದು ಹೆಣ್ಣು ಕೂಸು ಹುಟ್ತು. ಲಂಬಾಣಿ ಮನೆತನ. ಅದೇ ಕೂಸು ಮುಂದೆ ಮೈಸೂರು ಅರಮನೆಯ ಆಸ್ಥಾನ ವಿದುಷಿ, ಪದ್ಮಭೂಷಣ ಕೆ. ವೆಂಕಟಲಕ್ಷಮ್ಮ.

ನಮ್ಮ ಹೊಸದುರ್ಗ, ಹೊಳಲ್ಕೆರೆ ಕಡೆ ಎಷ್ಟು ತಾಂಡ ಅದಾವೆ, ನಿಮಗೇ ಗೊತ್ತು. ನಾನು ಚಿಕ್ಕೋಳಿದ್ದಾಗ ಹೋಳಿ ಹಬ್ಬಕ್ಕೆ ಲಂಬಾಣಿ ಹೆಂಗಸರು ಕನ್ನಡಿ ಹಚ್ಚಿದ ಲಂಗ, ಕೈ ತುಂಬ ಬಳೆ ಹಾಕ್ಕೊಂಡು ನಮ್ಮ ಕಣಕ್ಕೆ ಬಂದು ಸುತ್ತು ಹಾಕಿ ಕುಣೀತಿದ್ರು. ನಮ್ಮಜ್ಜಿ ಮೊರದ ತುಂಬ ಜೋಳ ಹಾಕ್ತಿದ್ಲು, ಕಣ್ತುಂಬ ನೋಡ್ತಿದ್ಲು, ಆದ್ರೆ ಕಟ್ಟೆ ಮೇಲೆ ಕೂರಾಕೆ ಬಿಡ್ತಿರ್ಲಿಲ್ಲ. ಒಂದ್ಸಲ ನಾನೂ ಅವರ ಸುತ್ತಿನಾಗೆ ಸೇರ್ಕೊಂಡು ಕುಣಿದೆ. ಅಜ್ಜಿ ಕಿವಿ ಹಿಂಡಿ ಒಳಗೆ ಎಳ್ಕೊಂಡು ಹೋದ್ಲು. ಅವತ್ತು ಕೇಳಿದ್ದೂ ಇದೇ ಮಾತು, "ನಮ್ಮನೆ ಹೆಣ್ಮಕ್ಳು ಕುಣಿಯಲ್ಲ". ಹೊಳಲ್ಕೆರೆ ನಡುಮನೇಲಿ ಅದೇ ಮಾತು ಕೇಳಿದಾಗ ನನ್ನ ಕಿವಿ ಬಿಸಿಯಾಯ್ತು.

ತಂಗಲಿಯ ಆ ಹುಡುಗೀನ ಎಂಟನೇ ವಯಸ್ಸಿಗೆ ಮೈಸೂರಲ್ಲಿ ತಾಯಮ್ಮನವರ ಹತ್ರ ಬಿಟ್ರು. ಆಗ ತಾಯಮ್ಮನೋರಿಗೆ ಐವತ್ತೇಳು ಆಗಿತ್ತು. ಗುರುವಿನ ಮನೇಲೇ ಇದ್ದು ಕಲಿಯಾದು. ಬರೀ ನಾಟ್ಯ ಅಲ್ಲ, ಪಂಡಿತರ ಹತ್ರ ಸಂಸ್ಕೃತ, ವಿದ್ವಾಂಸರ ಹತ್ರ ಸಂಗೀತ. ಯಾಕಂದ್ರೆ ಪದದ ಅರ್ಥ ಗೊತ್ತಿಲ್ದೆ ಅಭಿನಯ ಮಾಡಾಕೆ ಆಗಲ್ಲ, ತಾನೇ ಹಾಡಾಕೂ ಬರಬೇಕು. ನಮ್ಮ ಮುತ್ತಜ್ಜಿಯರು ಹೆಬ್ಬೆಟ್ಟು ಒತ್ತುತ್ತಿದ್ದ ಕಾಲ ಅದು. ತಾಂಡದ ಹುಡುಗಿ ಅಮರುಶತಕದ ಶ್ಲೋಕ ಕಲೀತಿತ್ತು. ಹನ್ನೆರಡಕ್ಕೆ ರಂಗಪ್ರವೇಶ ಆಯ್ತು.

1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನ ಆಸ್ಥಾನ ವಿದುಷಿ ಅಂತ ನೇಮಿಸಿದ್ರು. ಮಾರಿಕಣಿವೆಗೆ ಹೆಸರಾದ ಮಹಾರಾಣಿಯ ಮಗನೇ ಈ ನಾಲ್ವಡಿ. 1909ರಲ್ಲಿ ಗುಡಿಯ ಸೇವೆ ನಿಂತಿದ್ದೂ ಅವರ ಆಳ್ವಿಕೇಲೇ, ಮೂವತ್ತು ವರ್ಷ ಆದ್ಮೇಲೆ ಲಂಬಾಣಿ ಹೆಣ್ಮಗಳಿಗೆ ಆಸ್ಥಾನದ ಮರ್ಯಾದೆ ಸಿಕ್ಕಿದ್ದೂ ಅವರ ಆಳ್ವಿಕೇಲೇ. ವಿದ್ಯೆ ಅದೇ. ಯಾರ ಮುಂದೆ, ಯಾವ ಜಾಗದಾಗೆ ಅನ್ನೋದ್ರ ಮೇಲೆ ಮರ್ಯಾದೆ ಬದಲಾಗ್ತಾ ಹೋಯ್ತು.

ರಾಜರ ಕಾಲ ಮುಗೀತಲ್ಲ, ಆಸ್ಥಾನನೇ ಇಲ್ಲ ಅಂದ್ಮೇಲೆ ಆಸ್ಥಾನ ವಿದುಷಿ ಕಥೆ ಏನು? ನಾನಾಗಿದ್ರೆ ಹಳೇ ವೈಭವ ನೆನೆಸ್ಕೊಂಡು ಮೂಲೆ ಸೇರ್ತಿದ್ನೇನೋ. ಆಕೆ ಮೂಲೆ ಸೇರಲಿಲ್ಲ, ಹುಡುಗೀರಿಗೆ ಕಲಿಸಿದ್ರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಮಾರನೇ ವರ್ಷ, 1965ರಲ್ಲಿ, ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅದರ ಮೊದಲ ರೀಡರ್ ಆದ್ರು. ವಯಸ್ಸು ಲೆಕ್ಕ ಹಾಕ್ರಿ, ಐವತ್ತೊಂಬತ್ತು! ನಮ್ಮ ಮನೆ ಗಂಡಸರು ಪೆನ್ಷನ್ ಪೇಪರ್ ಜೋಡಿಸ್ಕೊಳ್ಳೋ ವಯಸ್ಸಿಗೆ ಆಕೆ ಹೊಸ ನೌಕರಿಗೆ ಸೇರಿದ್ರು. 1974ರವರೆಗೆ ಅಲ್ಲಿ ಪಾಠ ಮಾಡಿದ್ರು. 1977ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡ್ತು. 1992ರಲ್ಲಿ ಪದ್ಮಭೂಷಣ. 2002ರ ಜುಲೈ 1ಕ್ಕೆ ತೀರಿಕೊಂಡ್ರು, ತೊಂಬತ್ತಾರು ವರ್ಷಕ್ಕೆ.

ಕುಣಿಯೋದು ನಾಲ್ಕು ದಿನದ ಆಟ, ವಯಸ್ಸಾದ್ಮೇಲೆ ಯಾರು ನೋಡ್ತಾರೆ ಅಂತೀವಲ್ಲ ನಾವು? ಈ ಹೆಣ್ಮಗಳು ಹನ್ನೆರಡಕ್ಕೆ ರಂಗ ಏರಿ, ಅರವತ್ತೆಂಟರವರೆಗೆ ನಾಟ್ಯದಿಂದಲೇ ದುಡಿದ್ರು. ಅರಮನೆ ಒಂದು, ಮನೆಪಾಠ ಒಂದು, ಯೂನಿವರ್ಸಿಟಿ ಒಂದು. ಕಾಲ ಬದಲಾದಂಗೆ ಕೆಲಸದ ಜಾಗ ಬದಲಾಯಿಸಿದ್ರು, ಕೆಲಸ ಬದಲಾಯಿಸಲಿಲ್ಲ.

ದುಡಿದ ದುಡ್ಡಲ್ಲಿ ಏನು ಮಾಡಿದ್ರು ಅನ್ನೋದಕ್ಕೆ ಇನ್ನೊಬ್ಬರ ಕಥೆ ಹೇಳ್ತೀನಿ, ಬೆಂಗಳೂರು ನಾಗರತ್ನಮ್ಮ. ನಂಜನಗೂಡಲ್ಲಿ 1878ರಲ್ಲಿ ಹುಟ್ಟಿದ್ದು, ದೇವದಾಸಿ ಮನೆತನ. ಸಂಗೀತನೂ ನಾಟ್ಯನೂ ಕಲ್ತು, ಮದರಾಸಿಗೆ ಹೋಗಿ ಹಾಡುಗಾರಿಕೆಯಲ್ಲಿ ದೊಡ್ಡ ಹೆಸರು ಮಾಡಿದ್ರು. ಮುದ್ದುಪಳನಿ ಅನ್ನೋ ಹೆಂಗಸು ಬರೆದ ಹಳೇ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನ 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದ್ರು. ಅಶ್ಲೀಲ ಅಂತ ಸರ್ಕಾರ ಅದನ್ನ ನಿಷೇಧ ಮಾಡ್ತು. ಆ ನಿಷೇಧ ಹೋಗಿದ್ದು 1947ಕ್ಕೆ. ತಿರುವಯ್ಯಾರಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದ್ದನ್ನ ಕೇಳಿ, ತಾನು ಗಳಿಸಿದ್ದನ್ನೆಲ್ಲ ಸುರಿದು ಅಲ್ಲಿ ಗುಡಿ ಕಟ್ಟಿಸಿದ್ರು. ಅಲ್ಲಿನ ಆರಾಧನೇಲಿ ಹೆಂಗಸರು ಹಾಡೋ ಹಂಗಿರಲಿಲ್ಲ, ಅದಕ್ಕೂ ಹೋರಾಡಿ ಜಾಗ ಮಾಡಿಸಿದ್ರು. ಇವತ್ತು ಪ್ರತಿವರ್ಷ ಟಿವಿಯಲ್ಲಿ ಪಂಚರತ್ನ ಕೃತಿ ಗೋಷ್ಠಿ ನೋಡ್ತಾ ಕಾಫಿ ಕುಡೀತೀವಲ್ಲ, ಆ ಸಾಲಿನಾಗೆ ಕೂತ ಸೀರೆಯೋರೆಲ್ಲ ಆಕೆಗೆ ಋಣಿಗಳು. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿನೂ ಅಲ್ಲೇ ತ್ಯಾಗರಾಜರ ಎದುರಿಗೈತೆ.

ಇಷ್ಟೊತ್ತಿಗೆ ಕೆಲವರು, "ಅವರದು ಬಿಡು, ನಮ್ಮಂತ ಸಂಸಾರಸ್ಥರ ಮನೇದು ಹೇಳು" ಅಂತೀರಿ. ಅದೂ ಐತೆ. ಮಾಯಾ ರಾವ್ ಅಂತ, 1928ರಲ್ಲಿ ಬೆಂಗಳೂರಿನ ಮಲ್ಲೇಶ್ವರದಾಗೆ ಹುಟ್ಟಿದೋರು, ಓದಿದ ಮನೆತನ. ಆ ಕಾಲಕ್ಕೆ ಅಂಥ ಮನೆ ಹುಡುಗಿ ಕಥಕ್ ಕುಣಿಯಾದು ಸಣ್ಣ ಮಾತಲ್ಲ. ಕಾಲೇಜು ಓದಿದ್ರು, ನಾಟ್ಯನೂ ಬಿಡಲಿಲ್ಲ. ದೆಹಲಿಗೆ ಹೋಗಿ ಶಂಭು ಮಹಾರಾಜರ ಹತ್ರ ಕಲ್ತ್ರು. ಅಲ್ಲಿಂದ ರಷ್ಯಾಕ್ಕೆ ಹೋಗಿ ಕೊರಿಯೋಗ್ರಫಿ ಓದ್ಕೊಂಡು ಬಂದ್ರು.

ಕೊರಿಯೋಗ್ರಫಿ ಅಂದ್ರೆ ಏನು ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ, ಸಿನಿಮಾ ಹಾಡಿಗೆ ಸ್ಟೆಪ್ ಹೇಳ್ಕೊಡೋದು ಅಷ್ಟೇ ಅಂದ್ಕೊಂಡಿದ್ದೆ. ಮದುವೆ ಅಡಿಗೆ ನೆನೆಸ್ಕಳ್ರಿ. ಒಬ್ಬಟ್ಟು ಬೇಯಿಸೋರು ಬೇರೆ, ಕೋಸಂಬರಿ ಮಾಡೋರು ಬೇರೆ. ಆದ್ರೆ ಯಾವುದು ಎಷ್ಟೊತ್ತಿಗೆ ಒಲೆ ಮೇಲೆ ಏರಬೇಕು, ಯಾವ ಪಂಕ್ತಿಗೆ ಯಾರು ಬಡಿಸ್ಬೇಕು, ಸಾಲು ಎಲ್ಲಿಂದ ಶುರು ಆಗ್ಬೇಕು ಅಂತ ತಲೇಲಿ ಇಟ್ಕೊಂಡಿರೋಳು ಒಬ್ಬಳಿರ್ತಾಳಲ್ಲ? ರಂಗದ ಮೇಲೆ ಹತ್ತಾರು ಮೈಗಳನ್ನ ಹಂಗೆ ನಡೆಸಾದು ಆ ಕೆಲಸ. ಮಾಯಾ ರಾವ್ ಅದನ್ನೇ ಓದೋ ವಿದ್ಯೆ ಮಾಡಿ, 1964ರಲ್ಲಿ ದೆಹಲಿಯಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಶುರು ಮಾಡಿದ್ರು. 1987ರಲ್ಲಿ ಬೆಂಗಳೂರಿಗೆ ತಂದ್ರು. 2014ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಎಷ್ಟೋ ಜನ ಹುಡುಗ ಹುಡುಗೀರು ಅವರ ಕೈಲಿ ಕಲ್ತು ಅದ್ರಲ್ಲೇ ಜೀವನ ಮಾಡ್ತಿದ್ರು.

ಓದಿದ ಮನೆಯೋರು ಬಂದ್ಮೇಲೆ ನಾಟ್ಯಕ್ಕೆ ಮರ್ಯಾದೆ ಬಂತು, ನಿಜ. ಆದ್ರೆ ಅಲ್ಲಿವರೆಗೆ ಅದನ್ನ ಕಾಪಾಡಿಕೊಂಡು ಬಂದಿದ್ದು ತಾಯಮ್ಮ, ವೆಂಕಟಲಕ್ಷಮ್ಮನಂಥೋರು, ಹೆಸರೇ ಉಳೀದ ಇನ್ನೆಷ್ಟೋ ಹೆಂಗಸರು. ಬೈಗುಳ ತಿಂದು ಉಳಿಸಿದೋರು ಅವರು, ಹೂವಿನ ಹಾರ ಹಾಕಿಸ್ಕೊಂಡೋರು ನಾವು. ನಮ್ಮಣ್ಣನ ಮಗಳ ಅರಂಗೇಟ್ರಂಗೆ ನಾವೆಲ್ಲ ರೇಷ್ಮೆ ಸೀರೆ ಉಟ್ಕೊಂಡು ಮುಂದಿನ ಸಾಲಲ್ಲಿ ಕೂರ್ತೀವಿ ಅಂದ್ರೆ, ಆ ಸಾಲನ್ನ ಹಾಕಿಕೊಟ್ಟೋರು ನಮ್ಮಜ್ಜಿ ಕಟ್ಟೆ ಮೇಲೆ ಕೂರಿಸದೇ ಇದ್ದ ಜನ.

ಇದು ಹಳೇ ಕಾಲದ ಮಾತು ಅಂತಲೂ ಅನ್ನಂಗಿಲ್ಲ. ನಮ್ಮ ಪಕ್ಕದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರನ್ನ ಟಿವಿಯಲ್ಲಿ ನೋಡಿದ್ರಲ್ಲ, ರಾಷ್ಟ್ರಪತಿಗೆ ಸೆರಗಿನಲ್ಲಿ ದೃಷ್ಟಿ ತೆಗೆದೋರು. ಗಂಡಾಗಿ ಹುಟ್ಟಿ, ಹೆಣ್ಣು ಅಂತ ತನ್ನನ್ನ ಕಂಡುಕೊಂಡು, ಮನೆ ಬಿಟ್ಟು, ಕಾಳವ್ವ ಜೋಗತಿಯ ಹತ್ರ ಜೋಗತಿ ನೃತ್ಯ ಕಲ್ತು ಅದ್ರಿಂದಲೇ ಬದುಕಿದ್ರು. ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು. 2021ರ ಪದ್ಮಶ್ರೀ ಅವರಿಗೆ ಬಂತು. ಅವತ್ತು ನಮ್ಮ ಗುಂಪಿನಾಗೆ ಎಲ್ಲರೂ ಆ ವಿಡಿಯೋ ಕಳಿಸಿದ್ರಿ, ಕಣ್ಣೀರು ಬಂತು ಅಂತ ಬರೆದ್ರಿ. ಹಾಗಾದ್ರೆ ಬೇರೆಯೋರು ಕುಣಿದ್ರೆ ಕಣ್ಣೀರು, ನಮ್ಮ ಹುಡುಗಿ ಕುಣಿದ್ರೆ ಮರ್ಯಾದೆ ಹೋಗುತ್ತಾ? ನವೆಂಬರಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ನಾಟಕೋತ್ಸವ ನೋಡಾಕೆ ಹೋಗ್ತೀವಿ. ಅಲ್ಲಿ ಶಿವಸಂಚಾರದ ಹೆಣ್ಮಕ್ಳು ಹಾಡಿ, ಕುಣಿದು, ಪಾರ್ಟು ಮಾಡ್ತಾರೆ. ಮಠದ ಅಂಗಳದಾಗೇ ತಪ್ಪಿಲ್ಲದ್ದು ನಮ್ಮ ನಡುಮನೆಗೆ ಯಾಕೆ ತಪ್ಪಾಯ್ತು?

ಹೆದರಿಕೆ ಪಡೋಂಥದ್ದು ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. ಕಾರ್ಯಕ್ರಮ ಇದ್ರೆ ದುಡ್ಡು, ಇಲ್ದಿದ್ರೆ ಇಲ್ಲ. ಮೇಳದೋರಿಗೆ, ಬಟ್ಟೆಗೆ, ಒಡವೆಗೆ ಕೈಯಿಂದಲೇ ಹಾಕಬೇಕಾಗುತ್ತೆ. ಮಂಡಿ ಸವೆಯುತ್ತೆ. ಮದುವೆ ಆದ್ಮೇಲೆ ಬಿಡಿಸ್ತಾರೆ. ಕೊರೋನಾದಾಗೆ ಕ್ಲಾಸು ನಿಂತು ಹುಡುಗಿಯ ಟೀಚರು ಮನೆ ಬಾಡಿಗೆಗೆ ಒದ್ದಾಡಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಹಂಗಾಗಿ ಹುಡುಗೀನ ಕೇಳೋದಿದ್ರೆ ಇದನ್ನ ಕೇಳಣ. "ಡಿಗ್ರಿ ಆದ್ಮೇಲೆ ಪಾಠ ಮಾಡಾಕೆ ಏನೇನು ಪರೀಕ್ಷೆ ಕಟ್ಟಬೇಕು? ಶಾಲೆಯಾಗೆ ಕೆಲಸ ಸಿಗುತ್ತಾ? ಕೈಗೆ ದುಡ್ಡು ಬರೋವರೆಗೆ ಖರ್ಚು ಹೆಂಗೆ?" ಇದು ಮಗಳ ಬದುಕಿನ ಪ್ರಶ್ನೆ. ಜನ ಏನಂತಾರೆ ಅನ್ನೋದು ಬದುಕಿನ ಪ್ರಶ್ನೆ ಅಲ್ಲ. ಜನ 1857ರಿಂದಲೂ ಅಂತಾನೇ ಇದಾರೆ.

ಮೊನ್ನೆ ಅಣ್ಣಂಗೆ ಫೋನ್ ಮಾಡಿದ್ದೆ. ವೆಂಕಟಲಕ್ಷಮ್ಮನ ಕಥೆ ಹೇಳಿದೆ. ಸುಮ್ನೆ ಕೇಳಿಸ್ಕೊಂಡ, ಕೊನೇಲಿ "ತಾಂಡದಾಗಿಂದ ಅಲ್ಲಿಗಂಟ ಹೋದ್ಲಾ ಆಯಮ್ಮ?" ಅಂದ. ಅತ್ತಿಗೆ ಫೋನ್ ಇಸ್ಕೊಂಡು, "ಅರ್ಜಿಗೆ ಕೊನೇ ದಿನ ಯಾವಾಗ ಅಂತ ಹುಡುಗೀನೇ ಕೇಳ್ತೀನಿ ಬಿಡು" ಅಂದ್ಲು. ಒಪ್ಪಿದಾರೆ ಅಂತ ಇನ್ನೂ ಹೇಳಾಕಾಗಲ್ಲ.

ಹುಡುಗಿ ನನಗೆ ಅರ್ಜಿ ಹಾಕೋ ಜಾಗದ ಹೆಸರು ಕಳಿಸಿದಾಳೆ. ಮೈಸೂರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ. ಅದಕ್ಕೆ ಗಂಗೂಬಾಯಿ ಹಾನಗಲ್ ಅವರ ಹೆಸರಿಟ್ಟಿದಾರೆ. ಆ ಗಂಗೂಬಾಯಿನೂ ಚಿಕ್ಕೋರಿದ್ದಾಗ ಬೀದಿಯಲ್ಲಿ ಹೋಗ್ತಿದ್ರೆ "ಹಾಡೋಳು ಬಂದ್ಲು" ಅಂತ ಹೀಯಾಳಿಸಿಕೊಂಡೋರೇ. ಇವತ್ತು ಅದೇ ಹಾಡೋಳ ಹೆಸರು ಡಿಗ್ರಿ ಸರ್ಟಿಫಿಕೇಟಿನ ತಲೆ ಮೇಲೆ ಅಚ್ಚಾಗಿ ಬರುತ್ತೆ.

ಮುಂದಿನ ಸಲ ಎಲೆ ಅಡಿಕೆ ತಟ್ಟೆ ಮುಂದೆ ಕೂತಾಗ ಯಾರಾದ್ರೂ ಆ ಹುಡುಗೀನ "ಮುಂದೇನವ್ವ?" ಅಂತ ಕೇಳಿದ್ರೆ, ಅವಳು ಹೇಳಿ ಮುಗಿಸೋವರೆಗೆ ಕೇಳಿಸ್ಕಳಣ. ನಾನಂತೂ ಈ ಸಲ ಸುಣ್ಣ ಹಚ್ತಾ ಕೂರಲ್ಲ.